ಸಯಾಟಿಕಾಕ್ಕೆ ಚೀನೀ ಮಾಲೀಶು: ದಕ್ಕುವುದೆಷ್ಟು, ದಕ್ಕದ್ದೆಷ್ಟು

ಸಯಾಟಿಕಾ ಇರುವವರನ್ನು ಎಲ್ಲಿ ನೋವು ಎಂದು ಕೇಳಿದರೆ ಅವರು ಬೆರಳಿನಿಂದ ಒಂದು ಗೆರೆಯನ್ನೇ ಎಳೆದು ತೋರಿಸುತ್ತಾರೆ. ಸೊಂಟದಿಂದ ಹೊರಟ ಬೆರಳು ಪೃಷ್ಠದ ನಡುವೆ ಇಳಿದು, ತೊಡೆಯ ಹಿಂಬದಿ ಹಾದು, ಮಂಡಿಯ ಹಿಂದಿನ ಕುಳಿ ದಾಟಿ, ಮೀನಖಂಡದ ಮೇಲಿಂದ ಪಾದದ ಹೊರ ಅಂಚಿಗೆ ಬಂದು ನಿಲ್ಲುತ್ತದೆ. ಚೀನಾದ ಸಾಂಪ್ರದಾಯಿಕ ವೈದ್ಯದ ನಕ್ಷೆಯಲ್ಲೂ ಹೆಚ್ಚುಕಡಿಮೆ ಇದೇ ಗೆರೆಯಿದೆ. ಅದು 67 ಬಿಂದುಗಳ ಮೂತ್ರಕೋಶದ ಮೆರಿಡಿಯನ್ (ನಾಡಿ). ಕೊನೆಯ ಬಿಂದು ಕಾಲಿನ ಕಿರುಬೆರಳಲ್ಲಿ. ನೋವು ತೊಡೆಯ ಹೊರಮಗ್ಗುಲಲ್ಲಿ ಇಳಿಯುವವರಿಗೆ 44 ಬಿಂದುಗಳ ಪಿತ್ತಕೋಶದ ಮೆರಿಡಿಯನ್ ಇದೆ. ಈ ದಾರಿಗಳ ಮೇಲೆ ಒತ್ತಿ, ಉರುಳಿಸಿ, ಎಳೆದು ಮಾಡುವ ಚೀನೀ ಅಂಗಮರ್ದನಕ್ಕೆ ತುಯಿನಾ ಎಂದು ಹೆಸರು. ಇದೇ ಬಿಂದುಗಳನ್ನು ಒತ್ತುವ ಅಕ್ಯುಪ್ರೆಶರ್ ನಮ್ಮಲ್ಲೂ ಪರಿಚಿತ. ಸಯಾಟಿಕಾ ಇದರಿಂದ ಗುಣವಾಗುತ್ತದೆ ಎಂಬ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು?

ಮೊದಲು ಈ ನಕ್ಷೆಗೆ ಸಲ್ಲಬೇಕಾದ ಗೌರವ ಸಲ್ಲಲಿ. ಚೀನಾದ ಹುನಾನ್ ಪ್ರಾಂತ್ಯದ ಮಾವಾಂಗ್‌ದ್ವೇಯ್‌ನಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಗೋರಿಯೊಂದನ್ನು 1973ರಲ್ಲಿ ಅಗೆದಾಗ ರೇಷ್ಮೆ ಬಟ್ಟೆಯ ಮೇಲೆ ಬರೆದ ವೈದ್ಯಗ್ರಂಥಗಳು ಸಿಕ್ಕವು. ಅವುಗಳಲ್ಲಿ 11 ನಾಡಿಗಳ ವರ್ಣನೆಯಿದೆ, ಬಿಂದುಗಳ ಪಟ್ಟಿ ಇಲ್ಲ. 12 ಮೆರಿಡಿಯನ್‌ಗಳ ವ್ಯವಸ್ಥೆ ಕಾಣುವುದು ಹ್ವಾಂಗ್‌ದಿ ನೇಯ್‌ಜಿಂಗ್ ಗ್ರಂಥದಲ್ಲಿ. ಮೂತ್ರಕೋಶದ ನಾಡಿ ಕೆಟ್ಟರೆ ಏನೇನಾಗುತ್ತದೆ ಎಂದು ಆ ಗ್ರಂಥ ಹೇಳುವಾಗ ಮುರಿದಂತಾಗುವ ಸೊಂಟ, ಬಾಗದ ತೊಡೆ, ಬಿಗಿದುಕೊಂಡ ಮಂಡಿಯ ಹಿಂಬದಿ, ಸೀಳಿದಂತಾಗುವ ಮೀನಖಂಡ ಎಲ್ಲವೂ ಬರುತ್ತವೆ. ಎರಡು ಸಾವಿರ ವರ್ಷಗಳ ಹಿಂದೆ ಯಾರೋ ರೋಗಿಗಳ ಮಾತನ್ನು ಗಮನವಿಟ್ಟು ಕೇಳಿ ದಾಖಲಿಸಿದ್ದಾರೆ. ಇಂದಿನ ನರರೋಗ ತಜ್ಞರ ಕೇಸ್‌ಶೀಟಿನಲ್ಲೂ ಇದೇ ಲಕ್ಷಣಗಳು ಇರುತ್ತವೆ.

ದಾರಿಯನ್ನು ಅವರು ಸರಿಯಾಗಿ ಕಂಡರು. ಕಾರಣ ಹೇಳುವಾಗ ಮಾತ್ರ ಗಾಳಿ, ಶೀತ, ತೇವ ಹೊಕ್ಕು ಛೀ ಎಂಬ ಪ್ರಾಣಶಕ್ತಿಯ ಹರಿವು ಕಟ್ಟಿಕೊಂಡಿದೆ ಎಂದರು. ಸಯಾಟಿಕಾದಲ್ಲಿ ನರದಿಂದ ಬರುವ ನೋವನ್ನು ಸೊಂಟದ ಕೀಲುನೋವಿನಿಂದ ಬೇರ್ಪಡಿಸಿ ಬರೆದದ್ದು ನೇಪಲ್ಸಿನ ವೈದ್ಯ ದೊಮೆನಿಕೊ ಕೊತುನ್ಯೊ, 1764ರಲ್ಲಿ. ಬೆನ್ನುಮೂಳೆಯ ಡಿಸ್ಕ್ ಒಡೆದು ನರದ ಬೇರನ್ನು ಒತ್ತುವುದು ಇದಕ್ಕೆ ಕಾರಣವಾಗಬಲ್ಲದು ಎಂದು ಬಾಸ್ಟನ್ನಿನ ಶಸ್ತ್ರವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ತೋರಿಸಿಕೊಟ್ಟರು. ಸೊಂಟದ ಕೊನೆಯ ಎರಡು ಡಿಸ್ಕುಗಳಲ್ಲೇ ಈ ತೊಂದರೆ ಹೆಚ್ಚು. ಎಸ್1 ಎಂಬ ನರದ ಬೇರು ಒತ್ತಿಕೊಂಡರೆ ನೋವು ಕಾಲಿನ ಹಿಂಬದಿಯಿಂದ ಕಿರುಬೆರಳ ಕಡೆಗೆ ಇಳಿಯುತ್ತದೆ; ಎಲ್5 ಆದರೆ ಹೊರಮಗ್ಗುಲಿಂದ ಪಾದದ ಮೇಲ್ಭಾಗಕ್ಕೆ. ಎರಡು ಮೆರಿಡಿಯನ್‌ಗಳಿಗೂ ಈ ಎರಡು ದಾರಿಗಳಿಗೂ ಇರುವ ಹೋಲಿಕೆಯನ್ನು ವಿವರಿಸಲು ಇಷ್ಟು ಸಾಕು. ನೋವು ಇಳಿಯುವ ದಾರಿಯನ್ನು ಮೆರಿಡಿಯನ್ ಸರಿಯಾಗಿ ತೋರಿಸುತ್ತದೆ; ನೋವು ಹುಟ್ಟುವ ಜಾಗವನ್ನು ತೋರಿಸುವುದಿಲ್ಲ.

ಇನ್ನು ಕೈಗಳ ಕೆಲಸ. ತುಯಿನಾ ಒಂದು ಗಂಭೀರ ಕಸುಬು. ಚೀನಾದ ವೈದ್ಯ ವಿಶ್ವವಿದ್ಯಾಲಯಗಳಲ್ಲಿ ಅದು ಪಠ್ಯವಿಷಯ, ಆಸ್ಪತ್ರೆಗಳಲ್ಲಿ ಪ್ರತ್ಯೇಕ ವಿಭಾಗ. ಸಾವಿರಾರು ಅಂಧರ ಜೀವನೋಪಾಯವೂ ಹೌದು. ಬೀ ಫೇಯ್‌ಯು ಅವರ 'ತುಯಿನಾ' ಕಾದಂಬರಿ ಅಂಥ ಅಂಧ ಕಸುಬುದಾರರ ಬದುಕನ್ನೇ ಹೇಳುತ್ತದೆ. ಸಯಾಟಿಕಾಕ್ಕೆ ಹೆಚ್ಚು ಬಳಸುವ ಉರುಳಿಸುವ ತಂತ್ರವನ್ನು 20ನೇ ಶತಮಾನದಲ್ಲಿ ರೂಪಿಸಿದವರು ದಿಂಗ್ ಜೀಫೆಂಗ್. ಅಂಗೈಯ ಹಿಂಭಾಗವನ್ನು, ಕಿರುಬೆರಳಿನ ಬದಿಯಿಂದ, ಸ್ನಾಯುವಿನ ಮೇಲಿಟ್ಟು ಮಣಿಕಟ್ಟನ್ನು ಹಿಂದಕ್ಕೂ ಮುಂದಕ್ಕೂ ಉರುಳಿಸಬೇಕು, ಅದೂ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ. ಚರ್ಮ ಉಜ್ಜಬಾರದು, ಒತ್ತಡ ತಪ್ಪಬಾರದು. ವಿದ್ಯಾರ್ಥಿಗಳು ರೋಗಿಯನ್ನು ಮುಟ್ಟುವ ಮೊದಲು ಅಕ್ಕಿ ತುಂಬಿದ ಚೀಲದ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ.

ಸ್ನಾಯು ಸಡಿಲಾದ ಮೇಲೆ ಬಿಂದುಗಳ ಸರದಿ. ಮುಖ್ಯವಾದದ್ದು ಪೃಷ್ಠದ ಹ್ವಾನ್‌ತ್ಯಾವ್. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ತೊಡೆಮೂಳೆಯ ಮೇಲ್ತುದಿಯ ಉಬ್ಬಿನಿಂದ ಬೆನ್ನುಮೂಳೆಯ ಬುಡಕ್ಕೆ ಮನಸ್ಸಿನಲ್ಲೇ ಒಂದು ಗೆರೆ ಎಳೆದು ಮೂರು ಪಾಲು ಮಾಡಿದರೆ, ಹೊರಗಿನ ಪಾಲು ಮುಗಿಯುವ ಜಾಗ ಅದು. ಸ್ನಾಯು ದಪ್ಪವಿರುವುದರಿಂದ ಹೆಬ್ಬೆರಳು ಸಾಲದು, ಮೊಣಕೈ ಊರಬೇಕು. ಸರಿಯಾಗಿ ಕೂತರೆ ಆಳದಲ್ಲಿ ಒಂದು ಬಗೆಯ ಭಾರ, ಜೋಮು ಕಾಲಿಗೆ ಇಳಿಯುತ್ತದೆ. ಇದು ಪವಾಡವೇನಲ್ಲ, ಪಿರಿಫಾರ್ಮಿಸ್ ಸ್ನಾಯುವೂ ದೇಹದ ಅತಿ ದಪ್ಪ ನರವಾದ ಸಯಾಟಿಕ್ ನರವೂ ಅಲ್ಲೇ ಕೆಳಗಿವೆ.

ಇದರಿಂದ ಹಾಯೆನಿಸುತ್ತದೆ ಎಂದು ರೋಗಿ ಹೇಳಿದರೆ ಅದನ್ನು ಅನುಮಾನಿಸಬೇಕಿಲ್ಲ. ನೋವಿಗೆ ಹೆದರಿ ಬಿಗಿದುಕೊಂಡ ಸೊಂಟದ ಸ್ನಾಯುಗಳು ಸಡಿಲವಾಗುತ್ತವೆ. ಸ್ಪರ್ಶದ ಸಂಕೇತಗಳು ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳನ್ನು ತಗ್ಗಿಸಬಲ್ಲವು ಎಂದು ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ಪ್ರತಿಪಾದಿಸಿದ್ದರು. ಪಿರಿಫಾರ್ಮಿಸ್ ಸ್ನಾಯುವೇ ನರವನ್ನು ಹಿಂಡುತ್ತಿದ್ದರೆ ಲಾಭ ಇನ್ನೂ ಹೆಚ್ಚಾಗಬಹುದು. ಆದರೆ ಡಿಸ್ಕ್ ಚಾಚಿಕೊಂಡಿದ್ದರೆ ಮೀನಖಂಡ ಎಷ್ಟು ಒತ್ತಿದರೂ ಅದು ಒಳಕ್ಕೆ ಸರಿಯುವುದಿಲ್ಲ.

ಪುರಾವೆಗಳು ಹೇಳುವುದೂ ಹೀಗೆಯೇ. ಸೊಂಟನೋವಿಗೆ ಮಾಲೀಶು ಕುರಿತ 25 ಪ್ರಯೋಗಗಳನ್ನು 2015ರಲ್ಲಿ ಪರಿಶೀಲಿಸಿದ ಕಾಕ್ರೇನ್ ವಿಮರ್ಶೆ, ಅಲ್ಪಾವಧಿಯಲ್ಲಿ ನೋವು ತಗ್ಗುತ್ತದೆ, ದೀರ್ಘಾವಧಿಯಲ್ಲಿ ಆ ಲಾಭ ಉಳಿಯುವುದಿಲ್ಲ, ಈ ಪುರಾವೆಯೂ ದುರ್ಬಲವೇ ಎಂದಿತು. ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ಸಯಾಟಿಕಾಕ್ಕೆ ಮಾಲೀಶನ್ನು ಒಪ್ಪಿತು, ವ್ಯಾಯಾಮದ ಜೊತೆಗಿದ್ದರೆ ಮಾತ್ರ. ಇಂಥ ಬಿಂದುಗಳಿಗೆ ಸೂಜಿ ಚುಚ್ಚುವ ಸೂಜಿಚಿಕಿತ್ಸೆ (ಅಕ್ಯುಪಂಕ್ಚರ್) ಬೇಡವೆಂದಿತು. ಚೀನಾದ 6 ಆಸ್ಪತ್ರೆಗಳಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ದೀರ್ಘಕಾಲದ ಸಯಾಟಿಕಾಕ್ಕೆ ಅದೇ ಸೂಜಿಚಿಕಿತ್ಸೆ ತೋರಿಕೆಯ ಚಿಕಿತ್ಸೆಗಿಂತ ಮೇಲಾಗಿ ಕಂಡಿತು. ಆ ಗೆಲುವನ್ನು ಮಾಲೀಶಿನ ಲೆಕ್ಕಕ್ಕೆ ಬರೆದುಕೊಳ್ಳುವಂತಿಲ್ಲ.

'ಗುಣವಾಯಿತು' ಎಂಬ ಮಾತನ್ನು ತೂಗುವಾಗ ಇನ್ನೊಂದು ಸಂಗತಿ ನೆನಪಿರಬೇಕು. ಬಹುಪಾಲು ಜನರಲ್ಲಿ ಸಯಾಟಿಕಾ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ತಾನಾಗಿ ಇಳಿಮುಖವಾಗುತ್ತದೆ. ಹೊರಚಾಚಿದ ಡಿಸ್ಕಿನ ಚೂರನ್ನು ದೇಹವೇ ಕರಗಿಸಿಕೊಳ್ಳುವುದನ್ನು ಎಂಆರ್‌ಐ ಚಿತ್ರಗಳು ತೋರಿಸಿವೆ. ಆ ಅವಧಿಯಲ್ಲಿ ಯಾವ ಚಿಕಿತ್ಸೆ ನಡೆಯುತ್ತಿದ್ದರೂ ಕೀರ್ತಿ ಅದರ ಪಾಲಿಗೇ ಬೀಳುತ್ತದೆ.

ನನ್ನ ಗಟ್ಟಿ ಆಕ್ಷೇಪ ಇರುವುದು ತುಯಿನಾದ ಕೊನೆಯ ಹಂತದ ಬಗ್ಗೆ. ಭುಜವನ್ನು ಒಂದು ಕಡೆಗೂ ಸೊಂಟವನ್ನು ಇನ್ನೊಂದು ಕಡೆಗೂ ತಿರುಚಿ 'ಟಕ್' ಎನ್ನಿಸುವ ತಂತ್ರವೊಂದಿದೆ. ದೊಡ್ಡ ಡಿಸ್ಕ್ ಚಾಚಿಕೊಂಡಿರುವವರಿಗೆ, ಮೂಳೆ ಸವೆದಿರುವ ಹಿರಿಯರಿಗೆ ಇದರಿಂದ ಹಾನಿಯಾಗಬಹುದು. ಮಂಡಿ ಹಿಂಬದಿಯ ವೇಯ್‌ಜೋಂಗ್ ಬಿಂದುವಿನ ಕೆಳಗೆ ಕಾಲಿನ ಪ್ರಮುಖ ರಕ್ತನಾಳ ಹಾದುಹೋಗುತ್ತದೆ. ಅಲ್ಲಿ ಬಲ ಪ್ರಯೋಗ ಸಲ್ಲದು. ಕಾಲಿನ ಶಕ್ತಿ ಕುಂದುತ್ತಿದ್ದರೆ, ಪಾದ ಎತ್ತಲಾಗದಿದ್ದರೆ, ಗುದ-ಜನನಾಂಗದ ಸುತ್ತ ಸ್ಪರ್ಶ ತಿಳಿಯದಿದ್ದರೆ, ಮಲಮೂತ್ರದ ಹಿಡಿತ ತಪ್ಪಿದರೆ ಮಾಲೀಶಿನ ಮೇಜಿನ ಕಡೆ ಸುಳಿಯಬಾರದು, ಅಂದೇ ಆಸ್ಪತ್ರೆ ಸೇರಬೇಕು. ನೋವಿನ ಜೊತೆ ಜ್ವರವಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ಮೊದಲು ವೈದ್ಯರ ಪರೀಕ್ಷೆ ಆಗಲೇಬೇಕು.

ತುಯಿನಾ ನೋವನ್ನು ತಾಳಿಕೊಳ್ಳಲು ನೆರವಾಗುವ ಒಳ್ಳೆಯ ಜೊತೆಗಾರ. ರೋಗ ನಿವಾರಕ ಎಂಬ ಪಟ್ಟಕ್ಕೆ ಅದು ಅರ್ಹವಲ್ಲ. ಪಳಗಿದ ಕೈ ಸಿಕ್ಕರೆ, ಅಪಾಯದ ಲಕ್ಷಣಗಳಿಲ್ಲವೆಂದು ವೈದ್ಯರು ನೋಡಿ ಹೇಳಿದ್ದರೆ, ಮಾಡಿಸಿಕೊಳ್ಳಿ. ಸಿಕ್ಕ ಉಪಶಮನದ ಹೊತ್ತನ್ನು ಮಲಗಿ ಕಳೆಯದೆ ನಡೆದಾಡಲು, ಹೇಳಿಕೊಟ್ಟ ವ್ಯಾಯಾಮ ಮಾಡಲು ಬಳಸಿ. ಇಂತಿಷ್ಟು ಸಿಟ್ಟಿಂಗ್‌ನಲ್ಲಿ ಡಿಸ್ಕ್ ಒಳಗೆ ಕೂರಿಸುತ್ತೇವೆ ಎಂದು ಮುಂಗಡ ಹಣ ಕೇಳುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.