ತೆರೆಯ ಮೇಲಿನ ಪಾಲನಾಪಾಠ: ಸಾಕ್ಷಿ ಯಾರು?

ಮಕ್ಕಳನ್ನು ಹಡೆದವರಿಗೆ ಮಕ್ಕಳನ್ನು ಬೆಳೆಸುವ ಕ್ರಮವನ್ನು ಬೇರೊಬ್ಬರು ಕಲಿಸಬೇಕೆ ಎಂದು ಕೇಳಿದ್ದರೆ ನಮ್ಮ ಹಿರಿಯರು ನಕ್ಕು ಸುಮ್ಮನಾಗುತ್ತಿದ್ದರು. ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮಂದಿರು ತುಂಬಿದ್ದ ಮನೆಯಲ್ಲಿ ಆ ಕಲಿಕೆ ಹೇಳಿಕೊಡದೆಯೇ ನಡೆಯುತ್ತಿತ್ತು. ಇಂದು ದೂರದ ನಗರವೊಂದರಲ್ಲಿ ಗಂಡ, ಹೆಂಡತಿ ಮತ್ತು ಹಠಮಾರಿ ಮಗು, ಈ ಮೂವರೇ ಇರುವ ಮನೆಗೆ ಆ ಅನುಕೂಲವಿಲ್ಲ. ಆ ಕೊರತೆಯನ್ನು ತುಂಬಲು ಅಂತರ್ಜಾಲದ ಮೂಲಕ ಪಾಲನಾಶಿಕ್ಷಣ ನೀಡುವ ಪಾಠಕ್ರಮಗಳು ಹುಟ್ಟಿಕೊಂಡಿವೆ. ಅವುಗಳಲ್ಲಿ ಬಹು ಪ್ರಸಿದ್ಧವಾದ ಆಸ್ಟ್ರೇಲಿಯಾದ 'ಟ್ರಿಪಲ್ ಪಿ ಆನ್‌ಲೈನ್' ಎಂಬುದರ ಗುಣದೋಷಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಆ ದೇಶದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಅದು ತೆರೆದಿರುವುದರಿಂದ, ಅವರ ಇಲ್ಲಿಯ ಬಂಧುಗಳಿಗೆ ಈ ವಿಷಯ ತೀರ ಪರಕೀಯವಲ್ಲ.

'ಪಾಸಿಟಿವ್ ಪೇರೆಂಟಿಂಗ್ ಪ್ರೋಗ್ರಾಂ' ಎಂಬ ಮೂರು ಪದಗಳ ಮೊದಲಕ್ಷರಗಳಿಂದ ಈ ಹೆಸರು ಬಂದಿದೆ. ಬ್ರಿಸ್ಬೇನಿನ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದ ಮನೋವಿಜ್ಞಾನಿ ಮ್ಯಾಥ್ಯೂ ಸ್ಯಾಂಡರ್ಸ್ ಹಾಗೂ ಅವರ ಸಹೋದ್ಯೋಗಿಗಳು ಇದನ್ನು ರೂಪಿಸಿದರು. ಮೊದಲಿಗೆ ಇದು ಮನೆಮನೆಗೆ ಹೋಗಿ ಪಾಲಕರಿಗೆ ಕಲಿಸುವ ಕ್ರಮವಾಗಿತ್ತು. ಬಳಿಕ ಗುಂಪುಪಾಠವಾಯಿತು, ಪುಸ್ತಕವಾಯಿತು. ಕೊನೆಗೆ ಎಂಟು ಭಾಗಗಳ ಅಂತರ್ಜಾಲ ಪಾಠವಾಗಿ ಮನೆಯೊಳಗಿನ ತೆರೆಯ ಮೇಲೆ ಬಂದಿತು. 2022ರಲ್ಲಿ ಆಸ್ಟ್ರೇಲಿಯಾದ ಕೇಂದ್ರ ಸರ್ಕಾರವು ಇದರ ವೆಚ್ಚವನ್ನು ತಾನೇ ವಹಿಸಿಕೊಂಡು, 12 ವರ್ಷದೊಳಗಿನ ಮಕ್ಕಳ ಪಾಲಕರಿಗೆ ಇದನ್ನು ಉಚಿತವಾಗಿ ಒದಗಿಸಿತು.

ಪಾಠದ ಸಾರ ಸರಳವಾಗಿದೆ. ಮಗುವಿನೊಡನೆ ದಿನದಲ್ಲಿ ಹಲವು ಬಾರಿ, ಒಂದೆರಡು ನಿಮಿಷವಾದರೂ ಸರಿ, ಪೂರ್ಣ ಮನಸ್ಸಿನಿಂದ ಬೆರೆಯಬೇಕು. 'ಜಾಣ ಮಗು' ಎಂದು ಒಟ್ಟಾರೆ ಹೊಗಳದೆ, 'ಆಟದ ಸಾಮಾನನ್ನು ಎತ್ತಿಟ್ಟೆ, ಸಂತೋಷ' ಎಂದು ಮಾಡಿದ ಕೆಲಸವನ್ನೇ ಹೆಸರಿಸಿ ಮೆಚ್ಚಬೇಕು. ಮನೆಯ ನಿಯಮಗಳು ಕೆಲವೇ ಇರಬೇಕು, ಸ್ಪಷ್ಟವಾಗಿರಬೇಕು. ಆಜ್ಞೆಯನ್ನು ದೂರದಿಂದ ಕೂಗದೆ ಹತ್ತಿರ ಹೋಗಿ ಶಾಂತವಾಗಿ ಹೇಳಬೇಕು. ತಪ್ಪಿಗೆ ತಕ್ಕ ಪರಿಣಾಮವಿರಬೇಕು; ಹೊಡೆತವಿರಬಾರದು. ಇವೆಲ್ಲವುಗಳ ಜೊತೆಗೆ, ತಾಯಿತಂದೆಯರು ತಮ್ಮ ಮನಸ್ಸಿನ ಸ್ವಾಸ್ಥ್ಯವನ್ನೂ ಕಾಪಾಡಿಕೊಳ್ಳಬೇಕೆಂಬುದನ್ನು ಈ ಪಾಠವು ತನ್ನ ಐದು ಮೂಲತತ್ತ್ವಗಳಲ್ಲಿ ಒಂದಾಗಿ ಎಣಿಸುತ್ತದೆ. ಮಗುವನ್ನು ತಿದ್ದಲು ಬಂದವರಿಗೆ ಮೊದಲು ನಿಮ್ಮ ದನಿಯನ್ನು ತಿದ್ದಿಕೊಳ್ಳಿ ಎಂದು ಹೇಳುವ ಈ ಕ್ರಮ ನಿಜಕ್ಕೂ ಶ್ಲಾಘನೀಯ.

ತೆರೆಯ ಮೇಲೆ ಕಲಿಸುವುದರಿಂದ ದೊರೆಯುವ ಅನುಕೂಲಗಳನ್ನೂ ಅಲ್ಲಗಳೆಯಲಾಗದು. ಪಟ್ಟಣದಿಂದ ದೂರವಿರುವ ತಾಯಿಗೆ ಪಯಣವಿಲ್ಲ. ಮಗು ಮಲಗಿದ ಮೇಲೆ ಕಲಿಯಬಹುದು. ನನ್ನ ಮಗು ನನ್ನ ಮಾತು ಕೇಳುವುದಿಲ್ಲವೆಂದು ಅಪರಿಚಿತರ ಮುಂದೆ ಹೇಳಿಕೊಳ್ಳುವ ಸಂಕೋಚವಿಲ್ಲ. ದೇಹಾರೋಗ್ಯಕ್ಕೂ ಇದಕ್ಕೂ ಸಂಬಂಧವುಂಟು. ಊಟಕ್ಕೆ ಕುಳಿತಾಗ ರಂಪ, ಮಲಗುವ ವೇಳೆಯಲ್ಲಿ ಜಗಳ, ಔಷಧಿ ಕುಡಿಸುವಾಗ ಬಲಾತ್ಕಾರ, ಇವು ನಡೆಯುವ ಮನೆಯಲ್ಲಿ ವೈದ್ಯರ ಸಲಹೆ ಕಾಗದದ ಮೇಲೆಯೇ ಉಳಿಯುತ್ತದೆ.

ಪಾಠವು ಫಲ ನೀಡಿದೆಯೆ? 2012ರಲ್ಲಿ ಸ್ಯಾಂಡರ್ಸ್ ಮತ್ತು ಸಂಗಡಿಗರು 116 ಮಂದಿ ಪಾಲಕರ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಪಾಠ ಪಡೆದವರ ಮಕ್ಕಳ ದುರ್ವರ್ತನೆ ಕಡಿಮೆಯಾಯಿತು, ಪಾಲಕರ ಆತ್ಮವಿಶ್ವಾಸ ಹೆಚ್ಚಿತು, ಅವರ ಸಿಟ್ಟು ಇಳಿಯಿತು. ಆರು ತಿಂಗಳ ನಂತರವೂ ಈ ಲಾಭ ಬಹುಮಟ್ಟಿಗೆ ಉಳಿದಿತ್ತು ಎಂಬುದು ಅದರ ಫಲಿತಾಂಶ. ಮನೆಯ ಶಾಂತಿಯನ್ನು ಬಯಸುವ ಯಾರಿಗೂ ಇದು ಹರ್ಷದ ಸಂಗತಿಯೇ.

ಆದರೆ ವಿಮರ್ಶಕನ ಕೆಲಸ ಇಲ್ಲಿಂದ ಆರಂಭವಾಗುತ್ತದೆ. ಅದೇ 2012ರಲ್ಲಿ ಫಿಲಿಪ್ ವಿಲ್ಸನ್ ಮತ್ತು ಸಂಗಡಿಗರು ಟ್ರಿಪಲ್ ಪಿ ಕುರಿತ ಪ್ರಯೋಗಗಳನ್ನು ಒಟ್ಟಾಗಿ ಪರಿಶೋಧಿಸಿ 'ಬಿಎಂಸಿ ಮೆಡಿಸಿನ್' ಪತ್ರಿಕೆಯಲ್ಲಿ ವರದಿ ಬರೆದರು. ಆ ಪರಿಶೋಧನೆ ಅಂತರ್ಜಾಲದ ಪಾಠವೊಂದನ್ನೇ ಕುರಿತದ್ದಲ್ಲ, ಇಡೀ ಪದ್ಧತಿಯನ್ನು ಕುರಿತದ್ದು. ಅವರು ಆಯ್ದುಕೊಂಡ 33 ಪ್ರಬಂಧಗಳಲ್ಲಿ 32ನ್ನು ಬರೆದವರು ಟ್ರಿಪಲ್ ಪಿಯೊಡನೆ ಸಂಬಂಧವುಳ್ಳವರೇ ಆಗಿದ್ದರು. ಹೆಚ್ಚಿನವುಗಳಲ್ಲಿ ಮಗುವಿನ ವರ್ತನೆಯ ಬಗ್ಗೆ ಸಾಕ್ಷಿ ನುಡಿದವಳು ತಾಯಿ ಮಾತ್ರ. ತಾಯಂದಿರ ಹೇಳಿಕೆಯಲ್ಲಿ ಸುಧಾರಣೆ ಸ್ಪಷ್ಟವಾಗಿ ಕಂಡಿತು. ತಂದೆಯರ ಹೇಳಿಕೆಯಲ್ಲಿ ಕಂಡ ಸುಧಾರಣೆ ಚಿಕ್ಕದಾಗಿತ್ತು, ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ನಿಶ್ಚಿತವೆನ್ನುವಂತಿರಲಿಲ್ಲ. ಇದರ ಜೊತೆಗೆ, ಈ ಪಾಠಕ್ರಮದ ಒಡೆತನ ವಿಶ್ವವಿದ್ಯಾನಿಲಯದ್ದು. ಪ್ರಸಾರದ ಹಕ್ಕು ಒಂದು ಕಂಪನಿಯದು. ಪ್ರಕಟಣೆಗಳಿಂದ ಬರುವ ರಾಯಲ್ಟಿಯಲ್ಲಿ ಅವುಗಳನ್ನು ಬರೆದವರಿಗೂ ಪಾಲುಂಟು ಎಂಬುದನ್ನು ಓದುಗರು ನೆನಪಿಡಬೇಕು. ಈ ಸಂಬಂಧವನ್ನು ಅವರು ಮುಚ್ಚಿಟ್ಟಿಲ್ಲ, ತಮ್ಮ ಪ್ರಬಂಧಗಳಲ್ಲಿ ತಾವೇ ತಿಳಿಸುತ್ತಾರೆ. ಆದರೂ ಖಾತೆ ಬರೆದ ಗುಮಾಸ್ತನೇ ಲೆಕ್ಕಪರಿಶೋಧಕನಾಗಿ ಸಹಿ ಹಾಕುವುದನ್ನು ಯಾವ ಸಂಸ್ಥೆಯೂ ಒಪ್ಪುವುದಿಲ್ಲ. ಗುಮಾಸ್ತ ಅಪ್ರಾಮಾಣಿಕನೆಂದಲ್ಲ, ತನ್ನ ತಪ್ಪು ತನಗೆ ಕಾಣುವುದು ಕಷ್ಟ ಎಂಬುದೇ ಕಾರಣ.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. 2014ರಲ್ಲಿ ಸ್ಯಾಂಡರ್ಸ್ ತಂಡವು 101 ಅಧ್ಯಯನಗಳನ್ನು, ಒಟ್ಟು 16,099 ಕುಟುಂಬಗಳನ್ನು, ಒಳಗೊಂಡ ಸಮಗ್ರ ಸಮೀಕ್ಷೆಯನ್ನು ಹೊರತಂದಿತು. ಅದರ ನಿರ್ಣಯ ಪದ್ಧತಿಗೆ ಅನುಕೂಲವಾಗಿಯೇ ಇದೆ. ಇಷ್ಟು ವಿಸ್ತಾರವಾದ ಪರಿಶ್ರಮವನ್ನು ಲಘುವಾಗಿ ಕಾಣುವುದು ಸಲ್ಲದು. ಆದರೆ ಸಂಖ್ಯೆ ಬೆಳೆದ ಮಾತ್ರಕ್ಕೆ ಸಾಕ್ಷಿಯ ಸ್ಥಾನ ಬದಲಾಗುವುದಿಲ್ಲ. ಈ ಸಮೀಕ್ಷೆಯೂ ಪದ್ಧತಿಯನ್ನು ನಿರ್ಮಿಸಿದವರ ಕೈಯಿಂದಲೇ ಬಂದುದು.

ಮತ್ತೊಂದು ಪ್ರಯೋಗ ಇನ್ನೂ ಬೋಧಪ್ರದವಾಗಿದೆ. ನ್ಯೂಜಿಲೆಂಡಿನ 193 ಕುಟುಂಬಗಳಲ್ಲಿ ಕೆಲವರಿಗೆ ಅಂತರ್ಜಾಲದ ಪಾಠವನ್ನೂ ಉಳಿದವರಿಗೆ ಮುದ್ರಿತ ಅಭ್ಯಾಸಪುಸ್ತಕವನ್ನೂ ಕೊಟ್ಟು ಹೋಲಿಸಿ ನೋಡಲಾಯಿತು. 2014ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಎರಡೂ ಬಹುಮಟ್ಟಿಗೆ ಸಮನಾದ ಫಲವನ್ನೇ ನೀಡಿದವು. ಇದನ್ನು ಓದಿದಾಗ ತೆರೆಯ ಮೋಹ ಇಳಿಯುತ್ತದೆ. ಫಲ ಬಂದದ್ದು ಯಂತ್ರದಿಂದಲ್ಲ. ಹೇಳಿದ ಮಾತನ್ನು ಮನೆಯಲ್ಲಿ ದಿನವೂ ಆಚರಿಸಿದವರಿಂದ. ತೆರೆ ಪಾಠವನ್ನು ತಲುಪಿಸುತ್ತದೆ, ಆಚರಣೆಯನ್ನು ತಲುಪಿಸಲಾರದು.

ಈ ಪದ್ಧತಿಯ ಮುಖ್ಯ ಕೊರತೆ ಇಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಪಾಲಕರು ಏಕಾಂತದಲ್ಲಿ ಕಲಿಯುತ್ತಾರೆ, ಏಕಾಂತದಲ್ಲಿಯೇ ಪ್ರಶ್ನಾವಳಿಗೆ ಉತ್ತರ ತುಂಬುತ್ತಾರೆ. ನಿನ್ನೆ ರಾತ್ರಿ ಅವರ ದನಿ ಏರಿತೆ ಎಂಬುದನ್ನು ತೆರೆ ಕೇಳಿಸಿಕೊಂಡಿಲ್ಲ. ಕೇಳಿಸಿಕೊಂಡದ್ದು ಮಗು. ಸಿಟ್ಟು ಇಳಿಯಿತೆಂದು ಸಿಟ್ಟು ಮಾಡುವವರೇ ಹೇಳಿಕೊಂಡರೆ ಅದು ಅರ್ಧ ಸಾಕ್ಷಿ. ಉಳಿದರ್ಧ ಮಗುವಿನ ಮುಖದಲ್ಲಿದೆ. ನಕ್ಷತ್ರ ಅಂಟಿಸುವ ಪಟ್ಟಿಯ ವಿಷಯದಲ್ಲಿಯೂ ಹೀಗೆಯೇ. ಅದನ್ನು ಅಲ್ಪಕಾಲ ಮಾತ್ರ ಬಳಸಿ ಕ್ರಮೇಣ ಬಿಡಬೇಕೆಂದು ಪಾಠವೇ ಹೇಳುತ್ತದೆ. ಆದರೆ ಅವಸರದ ಮನೆಯಲ್ಲಿ ಪಟ್ಟಿ ಉಳಿದು ಉಪದೇಶ ಮರೆತುಹೋಗುವ ಅಪಾಯವಿದೆ. ಆಗ ಮಗು ಕಲಿಯುವುದು ಸದ್ವರ್ತನೆಯನ್ನಲ್ಲ, ಸದ್ವರ್ತನೆಯ ಬೆಲೆಯನ್ನು.

ಈ ಕೊರತೆಗೆ ಪರಿಹಾರ ದುಬಾರಿಯದಲ್ಲ. ಪಾಠವನ್ನು ತಾಯಿಯೊಬ್ಬಳ ಪಾಲಿಗೆ ಬಿಡದೆ ತಂದೆಯೂ ಜೊತೆಯಲ್ಲಿ ಕುಳಿತು ನೋಡಲಿ. ಇಬ್ಬರ ಲೆಕ್ಕ ತಾಳೆಯಾಗುತ್ತದೆಯೆ ಎಂದು ವಾರಕ್ಕೊಮ್ಮೆ ಮಾತಾಡಲಿ. ಮಕ್ಕಳ ಮನೆಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬರುವ ಅಜ್ಜ ಅಜ್ಜಿಯರನ್ನೂ ಇದರಲ್ಲಿ ಸೇರಿಸಿಕೊಳ್ಳಲಿ. ಹಿರಿಯರಿಗಾಗಿಯೇ ಒಂದು ಪ್ರತ್ಯೇಕ ಪಾಠವನ್ನು ಇದೇ ಬಳಗದವರು ರೂಪಿಸಿರುವುದು, ಈ ಅಗತ್ಯವನ್ನು ಅವರೂ ಬಲ್ಲರೆಂಬುದನ್ನು ತೋರಿಸುತ್ತದೆ. ಒಬ್ಬರು ಬೇಡವೆಂದದ್ದನ್ನು ಇನ್ನೊಬ್ಬರು ಗುಟ್ಟಾಗಿ ಕೊಡುವ ಮನೆಯಲ್ಲಿ ಯಾವ ಪಾಠವೂ ನಿಲ್ಲದು. ಮಾತು ಬಲ್ಲ ವಯಸ್ಸಿನ ಮಗುವನ್ನು, 'ಈ ವಾರ ನಾನು ಹೇಗೆ ಮಾತಾಡಿದೆ?' ಎಂದು ಕೇಳುವ ಧೈರ್ಯ ಹಿರಿಯರಿಗೆ ಬರಲಿ.

ಇಂಥ ಪಾಠಗಳನ್ನು ತಮ್ಮ ಸಭಾಭವನಗಳಲ್ಲಿ ಏರ್ಪಡಿಸಬೇಕೆಂದಿರುವ ಟ್ರಸ್ಟುಗಳಿಗೂ ಇದೇ ಸೂಚನೆ. ದೊಡ್ಡ ತೆರೆ ಕೊಳ್ಳುವ ಮೊದಲು, ನಾಲ್ಕು ಕುಟುಂಬಗಳು ಒಟ್ಟಿಗೆ ಕುಳಿತು ಓದಬಹುದಾದ ಪುಸ್ತಕವಿದೆಯೆ ಎಂದು ನೋಡಲಿ. ಪಾಠದಿಂದ ಪ್ರಯೋಜನವಾಯಿತೆ ಎಂಬ ಪ್ರಶ್ನೆಯನ್ನು ಪಾಠ ಮಾರಿದವರನ್ನಲ್ಲದೆ ಬೇರೆಯವರನ್ನೂ ಕೇಳಲಿ. ಟ್ರಿಪಲ್ ಪಿ ತಿರಸ್ಕರಿಸತಕ್ಕ ಪದ್ಧತಿಯಲ್ಲ. ಅದರಲ್ಲಿ ಕಲಿಯತಕ್ಕದ್ದು ಬಹಳವಿದೆ. ಆದರೆ ಅದು ಕೊಡುವ ಪ್ರಮಾಣಪತ್ರಕ್ಕಿಂತ, ಬಾಗಿಲಲ್ಲಿ ತಂದೆಯ ಹೆಜ್ಜೆಯ ಸದ್ದು ಕೇಳಿದಾಗ ಮಗು ಓಡಿ ಬರುತ್ತದೆಯೊ, ಒಳಕೋಣೆಗೆ ಸರಿಯುತ್ತದೆಯೊ ಎಂಬುದು ಹೆಚ್ಚು ನಂಬತಕ್ಕ ಲೆಕ್ಕ.