ಮಳೆ ಬಿಡುವುದು ಯಾವಾಗ?

ಬೇಸಿಗೆ ಮಳೆಯ ದಿನಗಳಲ್ಲಿ ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಮೋಡ ಕಟ್ಟಿತೆಂದರೆ ಹವಾಮಾನ ಇಲಾಖೆಯ ಸೂಚನೆ ಬರುತ್ತದೆ: ಮುಂದಿನ ಮೂರು ಗಂಟೆಗಳಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಅಲ್ಲಲ್ಲಿ ಗುಡುಗು ಸಹಿತ ಮಳೆ. ಮಳೆ ಬರುತ್ತದೆ ಎನ್ನುವಷ್ಟರ ಮಟ್ಟಿಗೆ ಇದು ಉಪಯುಕ್ತವೇ. ಆದರೆ ದೇವನಹಳ್ಳಿ ಬಳಿಯ ವಿಜಯಪುರದ ಮಾರುಕಟ್ಟೆಗೆ ರೇಷ್ಮೆಗೂಡು ತುಂಬಿಕೊಂಡು ಹೊರಟವರಿಗೆ ಬೇಕಾದದ್ದು ಇನ್ನೊಂದು. ಅರ್ಧ ಗಂಟೆ ಕಾದರೆ ಬಿಡುತ್ತದೆಯೋ, ಇಲ್ಲವೋ?

ಇದಕ್ಕೆ ಉತ್ತರ ಸಿಗದಿರಲು ಮುಖ್ಯ ಕಾರಣ ದೂರ. ನಮ್ಮ ಮೋಡಗಳನ್ನು ಬಹುಕಾಲದಿಂದ ನೋಡುತ್ತ ಬಂದಿರುವುದು ಚೆನ್ನೈ ಮತ್ತು ಶ್ರೀಹರಿಕೋಟದ ಡಾಪ್ಲರ್ ರಾಡಾರ್‌ಗಳು. ಚೆನ್ನೈನದನ್ನು 2002ರಲ್ಲಿ ಹಾಕಿದ್ದು ಬಂಗಾಳಕೊಲ್ಲಿಯ ಚಂಡಮಾರುತಗಳಿಗಾಗಿ, ನಮ್ಮ ದ್ರಾಕ್ಷಿ ತೋಟಗಳಿಗಾಗಿ ಅಲ್ಲ. ಅಲ್ಲಿಂದ ಹೊಸಕೋಟೆಗೆ ಸುಮಾರು 270 ಕಿ.ಮೀ., ದೊಡ್ಡಬಳ್ಳಾಪುರಕ್ಕೆ 300. ಭೂಮಿ ದುಂಡಗಿರುವುದರಿಂದ ರಾಡಾರ್‌ನ ಕಿರಣ ಇಲ್ಲಿಗೆ ಬರುವಷ್ಟರಲ್ಲಿ ನೆಲದಿಂದ ಐದಾರು ಕಿ.ಮೀ. ಮೇಲೇರಿರುತ್ತದೆ, ಸುಮಾರು ಐದು ಕಿ.ಮೀ. ಅಗಲಕ್ಕೆ ಹರಡಿಯೂ ಇರುತ್ತದೆ. ಕಾಣುವುದು ಮೋಡದ ನೆತ್ತಿ ಮಾತ್ರ.

ಆದರೆ ಗುಡುಗು ಮಳೆಯ ಆಯುಸ್ಸು ತೀರ್ಮಾನವಾಗುವುದು ಮೋಡದ ಬುಡದಲ್ಲಿ. ಗುಡುಗು ಮೋಡದ ಒಂದು ಕೋಶ, ಅಂದರೆ ಏರುಗಾಳಿಯ ಒಂದು ಘಟಕ, ಹುಟ್ಟಿ, ಬಲಿತು, ಕರಗಲು ಅರ್ಧ ಗಂಟೆಯಿಂದ ಒಂದು ಗಂಟೆ ಸಾಕೆಂದು ಅಮೆರಿಕದಲ್ಲಿ 1946-47ರಲ್ಲಿ ವಿಮಾನ, ರಾಡಾರ್ ಎರಡನ್ನೂ ಬಳಸಿ ಹವಾಮಾನ ವಿಜ್ಞಾನಿಗಳಾದ ಬೈಯರ್ಸ್ ಮತ್ತು ಬ್ರಹಾಂ ತೋರಿಸಿದ್ದರು. ಮಳೆಯ ಜೊತೆ ಕೆಳಗಿಳಿಯುವ ತಣ್ಣನೆ ಗಾಳಿ ಆ ಕೋಶದ ಉಸಿರು ಕಟ್ಟುತ್ತದೆ. ಅದೇ ಗಾಳಿ ಮುನ್ನುಗ್ಗಿ ಪಕ್ಕದಲ್ಲಿ ಹೊಸ ಕೋಶ ಎಬ್ಬಿಸಬಹುದು. ಎಬ್ಬಿಸಿದರೆ ಮಳೆ ಎರಡು ಗಂಟೆ, ಇಲ್ಲದಿದ್ದರೆ ಮುಗಿಯಿತು. ಈ ಆಟವೆಲ್ಲ ಕಿರಣದ ಕೆಳಗೇ ನಡೆದುಹೋಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ನೀರಿನ ರಾಶಿ ಕಿರಣಕ್ಕಿಂತ ಕೆಳಗಿಳಿದಾಗ ಚೆನ್ನೈ ರಾಡಾರ್‌ನ ಚಿತ್ರದಲ್ಲಿ ಜೋರು ಮಳೆ ಸೂಚಿಸುವ ಕೆಂಪು ಬಣ್ಣ ಮಾಸುತ್ತದೆ. ಇನ್ನೇನು ಬಿಟ್ಟಿತು ಎನ್ನಿಸುವ ಹೊತ್ತಿಗೆ ನೆಲಮಂಗಲದಲ್ಲಿ ಧೋ ಎಂದು ಸುರಿಯುತ್ತಿರಬಹುದು.

ಹತ್ತಿರದಲ್ಲೇ ರಾಡಾರ್ ಇದ್ದರೂ ಪವಾಡ ನಡೆಯದು. ಮೋಡ ಎತ್ತ ಸಾಗುತ್ತದೆಂದು ಲೆಕ್ಕ ಹಾಕುವುದು ಸುಲಭ. ಹೊಸದು ಎಲ್ಲಿ ಹುಟ್ಟೀತು, ಹಳೆಯದು ಯಾವಾಗ ಸತ್ತೀತು ಎಂಬುದು ಒಂದು ಗಂಟೆಯಾಚೆಗೆ ಎಲ್ಲ ದೇಶಗಳಲ್ಲೂ ಮಸುಕೇ. ಆದರೆ ಗೂಡಿನ ಗಾಡಿಗೆ ಆ ಒಂದು ಗಂಟೆಯೇ ದೊಡ್ಡದು.

ಆ ಒಂದು ಗಂಟೆಗೆ ನೆರವಾಗುವ ಮಾಹಿತಿ ಈಗಲೂ ಇದೆ. ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯಿತಿಗಳ ಮಳೆಮಾಪಕಗಳಿಂದ 15 ನಿಮಿಷಕ್ಕೊಮ್ಮೆ ಅಂಕಿ ಬರುತ್ತದೆ. ರಾಡಾರಿಗೆ ಕಾಣದ ನೆಲದ ಮಳೆ ಅದರಲ್ಲಿದೆ. ಬೆಂಗಳೂರಿಗೆ ಸ್ವಂತ ರಾಡಾರ್ ಬೇಕೇ ಬೇಕು. ಅದಕ್ಕೆ ಕಾಯುತ್ತ ಕೂರದೆ ಈ ಅಂಕಿಗಳನ್ನು ಮೂರು ಗಂಟೆಯ ಸೂಚನೆಯೊಂದಿಗೆ ಹೋಬಳಿವಾರು ಜನರಿಗೆ ಕೊಡಲಿ.