ಅಪಸ್ಮಾರದಲ್ಲಿ ಔಷಧಯುಗ್ಮಗಳ ತಾರತಮ್ಯ

ಅಪಸ್ಮಾರಕ್ಕೆ ಮೊದಲು ಒಂದೇ ಔಷಧವನ್ನು ಕೊಟ್ಟು ನೋಡತಕ್ಕದ್ದೆಂಬುದು ವೈದ್ಯರಲ್ಲಿ ಈಗ ಬಹುಮಟ್ಟಿಗೆ ಸರ್ವಸಮ್ಮತವಾದ ಪಕ್ಷ. ಗ್ಲಾಸ್ಗೋ ನಗರದ ಕ್ವಾನ್ ಮತ್ತು ಬ್ರೋಡಿ ಎಂಬವರು 2000ದಲ್ಲಿ ಪ್ರಕಟಿಸಿದ ಗಣನೆಯಂತೆ, ಹಿಂದೆ ಚಿಕಿತ್ಸೆಯನ್ನೇ ಪಡೆಯದಿದ್ದ 470 ಮಂದಿಯಲ್ಲಿ ನೂರಕ್ಕೆ 47ರಷ್ಟು ಜನರಿಗೆ ಮೊದಲನೆಯ ಔಷಧದಿಂದಲೇ ಸೆಳವು ನಿಂತಿತು. ಎರಡು ಔಷಧಗಳನ್ನು ಕೂಡಿಸಿ ಕೊಟ್ಟುದರಿಂದ ನಿಂತುದು ನೂರಕ್ಕೆ 3ರಷ್ಟು ಮಂದಿಗೆ ಮಾತ್ರ. ಇದನ್ನೋದಿದವರು ಔಷಧಯೋಗವು ನಿರರ್ಥಕವೆಂದು ನಿರ್ಣಯಿಸುವುದುಂಟು. ಅದು ದುಡುಕು. ಯೋಗದ ಸರದಿ ಬರುವಷ್ಟರಲ್ಲಿ ಸುಖಸಾಧ್ಯರಾದ ರೋಗಿಗಳೆಲ್ಲರೂ ಗುಣಮುಖರಾಗಿ ಎಣಿಕೆಯಿಂದ ಹೊರಟುಹೋಗಿರುತ್ತಾರೆ, ಉಳಿದವರು ಕಷ್ಟಸಾಧ್ಯರು.

ಕೇಳಬೇಕಾದ ಪ್ರಶ್ನೆ ಬೇರೆ: ಯಾವುದರೊಡನೆ ಯಾವುದನ್ನು ಕೂಡಿಸಬೇಕು? 25 ಔಷಧಗಳಿದ್ದರೆ ಯುಗ್ಮಗಳು 300 ಆಗುವುವು. ಹೊಸ ಔಷಧವೊಂದನ್ನು ಪರೀಕ್ಷಿಸುವಾಗ, ರೋಗಿಯು ಮೊದಲೇ ಸೇವಿಸುತ್ತಿರುವುದು ಯಾವುದೇ ಆಗಿರಲಿ, ಅದರ ಮೇಲೆ ಹೊಸದನ್ನಾಗಲಿ ಸತ್ತ್ವಹೀನವಾದ ಗುಳಿಗೆಯನ್ನಾಗಲಿ ಸೇರಿಸುವುದು ವಾಡಿಕೆ. ಇದರಿಂದ ಹೊಸ ಔಷಧದ ಗುಣವು ತಿಳಿಯುವುದೇ ಹೊರತು ಯುಗ್ಮಯುಗ್ಮಗಳ ತಾರತಮ್ಯವು ತಿಳಿಯುವುದಿಲ್ಲ.

ಈ ಕೊರತೆಯನ್ನು ತುಂಬಲು ಯತ್ನಿಸಿದ ವಿರಳ ಬರಹಗಳಲ್ಲಿ ಅಮೆರಿಕದ ಪೂಲೋಸ್ ಮತ್ತು ಅವರ ಸಂಗಡಿಗರು 2012ರಲ್ಲಿ ಪ್ರಕಟಿಸಿದುದು ಗಣ್ಯವಾದದ್ದು. ಸರಕಾರದ ಎರಡು ಪೋಷಣಾಲಯಗಳಲ್ಲಿದ್ದ, ಬುದ್ಧಿವಿಕಾಸವು ಕುಂಠಿತವಾದ 148 ಮಂದಿ ವಯಸ್ಕರ 30 ವರ್ಷಗಳ ಮಾಸವಾರು ದಾಖಲೆಗಳನ್ನು ಅವರು ಶೋಧಿಸಿದರು. ಒಬ್ಬನನ್ನು ಇನ್ನೊಬ್ಬನೊಡನೆ ಹೋಲಿಸದೆ, ಒಬ್ಬೊಬ್ಬ ರೋಗಿಯ ಒಂದು ಕಾಲವನ್ನು ಅವನದೇ ಮತ್ತೊಂದು ಕಾಲದೊಡನೆ ಹೋಲಿಸಿದುದು ಈ ಬರಹದ ಮುಖ್ಯ ಗುಣ. ಹೆಚ್ಚು ಬಳಕೆಯಲ್ಲಿದ್ದ 32 ಯೋಗಗಳಲ್ಲಿ ಲ್ಯಾಮೋಟ್ರಿಜಿನ್ ಮತ್ತು ವ್ಯಾಲ್ಪ್ರೋಯೇಟ್ ಇವುಗಳ ಯುಗ್ಮವೊಂದೇ ಉಳಿದವುಗಳನ್ನು ಮೀರಿಸಿತು. ಒಂದಕ್ಕಿಂತ ಎರಡು ಔಷಧಗಳು ಮೇಲು. ಎರಡಕ್ಕಿಂತ ಮೂರರಿಂದ ಹೆಚ್ಚಿನ ಫಲವಿಲ್ಲ. ಗುಳಿಗೆಗಳ ಮೇಲೆ ಗುಳಿಗೆಗಳನ್ನು ಪೇರಿಸುವವರು ಈ ಕಡೆಯ ಮಾತನ್ನು ಎರಡು ಸಲ ಓದಬೇಕು.

ಆದರೂ ಆಕ್ಷೇಪಗಳುಂಟು. ಔಷಧವನ್ನು ಬದಲಾಯಿಸುವುದು ಸಾಮಾನ್ಯವಾಗಿ ರೋಗವು ಉಲ್ಬಣಿಸಿದಾಗ. ಉಲ್ಬಣವು ತಾನಾಗಿಯೇ ತಗ್ಗಿದರೂ ಕೀರ್ತಿಯು ಹೊಸ ಔಷಧಕ್ಕೆ ಸಲ್ಲುವುದು. ಇದಕ್ಕಿಂತಲೂ ದೊಡ್ಡ ಆಕ್ಷೇಪವೊಂದಿದೆ. ಇಲ್ಲಿ ಎಣಿಸಿರುವುದು ಮೈಯನ್ನೆಲ್ಲ ನಡುಗಿಸುವ ಸೆಳವುಗಳನ್ನು ಮಾತ್ರ, ಅವನ್ನೂ ಪರಿಚಾರಕರು ಕಂಡು ಬರೆದಷ್ಟನ್ನು ಮಾತ್ರ. ಲಿಪಿಕಾರನು ಬಿಟ್ಟುದನ್ನು ಊಹಿಸಬೇಕಾದ ಗ್ರಂಥಸಂಪಾದಕನ ಪಾಡೇ ಇಲ್ಲಿ ಓದುಗನದು. ತಲೆಸುತ್ತು, ಮಂಪರು, ಮನಸ್ಸಿನ ಜಡತೆ ಇವುಗಳನ್ನು ರೋಗಿಯೇ ಹೇಳಬೇಕು. ಆ ರೋಗಿಗಳಲ್ಲಿ ಅನೇಕರಿಗೆ ಹೇಳುವ ಶಕ್ತಿಯಿಲ್ಲದಿರಬಹುದು. ಇವರನ್ನು ನೋಡಿ ಕಂಡುದನ್ನು ಶಾಲೆಗೋ ಕೆಲಸಕ್ಕೋ ಹೋಗುವ ರೋಗಿಗೆ ಹಾಗೆಯೇ ಅನ್ವಯಿಸುವುದು ಹೇಗೆ?

ಮತ್ತೊಂದು ಸಂದೇಹ. ವ್ಯಾಲ್ಪ್ರೋಯೇಟು ಲ್ಯಾಮೋಟ್ರಿಜಿನ್ನನ್ನು ದೇಹದಿಂದ ಬೇಗನೆ ಹೊರಹೋಗಗೊಡಿಸದು. (ಮೊದಲ ಪ್ರಮಾಣವು ಹೆಚ್ಚಾದರೆ ಅಪಾಯಕರವಾದ ಚರ್ಮರೋಗವೇಳುವುದೂ ಈ ಕಾರಣದಿಂದಲೇ.) ಹಾಗಾದರೆ ಈ ಯುಗ್ಮದ ಹಿರಿಮೆಯು ಕೇವಲ ರಕ್ತದಲ್ಲಿ ಒಂದು ಔಷಧದ ಪ್ರಮಾಣವು ಏರಿದುದರ ಫಲವೇ? ಇಟಲಿಯ ಪಿಸಾನಿ ಮೊದಲಾದವರ 1999ರ ಲೇಖನವು ಇದಕ್ಕೆ ಉತ್ತರಪ್ರಾಯವಾಗಿದೆ. ಎರಡರಲ್ಲಿ ಯಾವುದೊಂದರಿಂದಲೂ ಗುಣಕಾಣದಿದ್ದ 13 ಮಂದಿಗೆ ಎರಡನ್ನೂ ಕೂಡಿಸಿ ಕೊಟ್ಟಾಗ 4 ಮಂದಿಗೆ ಸೆಳವು ಪೂರ್ತಿಯಾಗಿ ನಿಂತಿತು. ಅದೂ ಒಂಟಿಯಾಗಿ ಕೊಟ್ಟಾಗ ಇದ್ದುದಕ್ಕಿಂತ ಕಡಿಮೆ ಪ್ರಮಾಣದಲ್ಲಿ. ತರ್ಕವು ಶುದ್ಧವಾಗಿದೆ, ಆದರೆ ಸಾಕ್ಷಿಗಳು 13 ಮಂದಿ.

ಕೊನೆಯ ತೊಡಕು ಸ್ತ್ರೀಯರದು. ಗರ್ಭಿಣಿಯು ವ್ಯಾಲ್ಪ್ರೋಯೇಟನ್ನು ಸೇವಿಸಿದರೆ ಶಿಶುಗಳಲ್ಲಿ ನೂರಕ್ಕೆ ಸುಮಾರು 10ಕ್ಕೆ ಅಂಗವೈಕಲ್ಯವೂ, 30ರಿಂದ 40ಕ್ಕೆ ಬೆಳವಣಿಗೆಯ ದೋಷವೂ ಕಾಣಬರುವುವು. ಬ್ರಿಟನ್ ದೇಶವು 2018ರಲ್ಲಿ, ಗರ್ಭನಿರೋಧದ ಕಟ್ಟುನಿಟ್ಟಾದ ಏರ್ಪಾಡಿಲ್ಲದೆ ಗರ್ಭಧಾರಣೆಯ ವಯಸ್ಸಿನ ಸ್ತ್ರೀಯರಿಗೆ ಇದನ್ನು ಕೊಡಕೂಡದೆಂದು ವಿಧಿಸಿತು. ಅಂಥವರಿಗೆ ಎರಡನೆಯ ಉತ್ತಮ ಯುಗ್ಮವು ಯಾವುದೆಂದು ಕೇಳಿದರೆ, ಪೂಲೋಸರ 32 ಯೋಗಗಳ ಪಟ್ಟಿಯಲ್ಲಿ ಉತ್ತರವು ದೊರೆಯುವುದಿಲ್ಲ.